ಅಂತರಗಂಗೆಯಿಂದ ಆವಣಿಗೆ, ಬೆರಕೆ ಸೊಪ್ಪಿನ ಜಾಡಿನಲ್ಲಿ

ಶ್ರಾವಣದಲ್ಲಿ ನಾಲ್ಕು ಹದವಾದ ಮಳೆ ಬಿದ್ದರೆ ಸಾಕು, ಕೋಲಾರದ ರಾಗಿ ಹೊಲಗಳಲ್ಲಿ ಯಾರೂ ಬಿತ್ತದ ಸೊಪ್ಪು ಏಳುತ್ತದೆ. ಅಣ್ಣೆ, ಕೊಮ್ಮೆ, ಕನ್ನೆ, ಗಣಿಕೆ, ತಗಚೆ, ಗೋಣಿ, ಪುಲ್ಲಂಪುರಚಿ. ಕಳೆ ಕೀಳಲು ಹೋದ ಹೆಂಗಸರು ಸಂಜೆ ಇವನ್ನೆಲ್ಲ ಮಡಿಲು ತುಂಬಿಸಿಕೊಂಡು ಬರುತ್ತಾರೆ. ತೊಗರಿಬೇಳೆಯ ಜೊತೆ ಬೇಯಿಸಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಮಸೆದರೆ ಮುದ್ದೆಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಇದೇ ಬೆರಕೆ ಸೊಪ್ಪು. ನಾನು ಇದನ್ನು ತಿಂದೇ ಬೆಳೆದವಳು.

ಬೆಟ್ಟ ಹತ್ತುವ ಹವ್ಯಾಸ ಹೆಚ್ಚಿದ ಮೇಲೆ ಒಂದು ವಿಷಯ ನನ್ನ ಮನಸ್ಸನ್ನು ಕೊರೆಯುತ್ತಿದೆ. ಬೆಂಗಳೂರಿನಿಂದ ಬರುವ ಚಾರಣದ ಗುಂಪುಗಳಲ್ಲಿ ದಾರಿಯ ಸೊಪ್ಪು, ಹಣ್ಣು, ಅಣಬೆ ಕಿತ್ತು ತಿನ್ನುವ ಆಸೆ ಕಾಣುತ್ತಿದೆ, ಕಲಿಸುವವರು ಮಾತ್ರ ಜೊತೆಗಿಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆದು, ಹೆಸರು ಸಿಕ್ಕಿದ ಕೂಡಲೇ ಬಾಯಿಗೆ ಹಾಕಿಕೊಳ್ಳುವವರನ್ನು ಕಣ್ಣಾರೆ ಕಂಡಿದ್ದೇನೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಗೆಳತಿಗೂ ಇದೇ ಚಿಂತೆ. ಹಾಗಾಗಿ ಈ ಸಲ ಅವಳನ್ನೂ ಎಂಟನೇ ತರಗತಿ ಓದುವ ಅವಳ ಮಗನನ್ನೂ ಕರೆದುಕೊಂಡು ಹೊರಟೆ. ಬೆಟ್ಟದ ಮೇಲಿನ ಊರು ಮೊದಲು, ಮುಳಬಾಗಿಲಿನ ಕಡೆಯ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನ ಅಡುಗೆಮನೆ ಆಮೇಲೆ ಎಂದು ಗೊತ್ತುಮಾಡಿಕೊಂಡೆವು.

ಶುಕ್ರವಾರ: ಅಂತರಗಂಗೆ

ಕೋಲಾರ ಪೇಟೆಯಿಂದ ಅಂತರಗಂಗೆಗೆ ಮೂರ್ನಾಲ್ಕು ಕಿಲೋಮೀಟರ್. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು, ಎಲ್ಲಿ ನೋಡಿದರೂ ಕೋತಿಗಳು. ಶತಶೃಂಗ ಪರ್ವತ ಎಂಬ ದೊಡ್ಡ ಹೆಸರಿನ ಈ ಬೆಟ್ಟಸಾಲಿನಲ್ಲಿ ಗುಡಿಯ ಹಿಂದಿನಿಂದ ಬಂಡೆಗಳ ಸಂದಿಯಲ್ಲಿ ನುಸುಳುತ್ತಾ ಮೇಲಿನ ತೇರಹಳ್ಳಿಗೆ ಹೋಗಬಹುದು.

ಕಲ್ಯಾಣಿಯ ನೀರು ಹರಿದುಹೋಗುವ ತೇವದ ಜಾಗದಲ್ಲಿ ಒಂದೆಲಗ ಹಬ್ಬಿತ್ತು. ಕಾಲೇಜು ಹುಡುಗರ ಗುಂಪೊಂದು ಅದನ್ನು ಕಿತ್ತು ಹಸಿಯಾಗಿಯೇ ಅಗಿಯುತ್ತಿತ್ತು. ಗಿಡವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು, ತಪ್ಪಿದ್ದು ಜಾಗ. ಜನ ಮೀಯುವ, ಬಟ್ಟೆ ಒಗೆಯುವ, ಕೋತಿಗಳು ಓಡಾಡುವ ಜಾಗದ ಕೊಚ್ಚೆಯಲ್ಲಿ ಬೆಳೆದ ಎಲೆ ಎಷ್ಟೇ ಒಳ್ಳೆಯದಾದರೂ ಹಸಿಯಾಗಿ ತಿನ್ನುವಂಥದಲ್ಲ. ಗೆಳತಿ ಹತ್ತಿರ ಹೋಗಿ ಸಮಾಧಾನವಾಗಿ ಹೇಳಿದಳು. ಒಬ್ಬ ಹುಡುಗ, "ಕೋತಿಗಳೂ ತಿನ್ನುತ್ತಿವೆಯಲ್ಲ ಮೇಡಂ" ಎಂದ.

ಈ ನಂಬಿಕೆ ಬಹಳ ಆಳವಾಗಿ ಬೇರೂರಿದೆ. ಕೋತಿ ತಿಂದದ್ದನ್ನು ಮನುಷ್ಯ ತಿನ್ನಬಹುದು, ಹಕ್ಕಿ ಕುಕ್ಕಿದ ಹಣ್ಣಿಗೆ ಭಯವಿಲ್ಲ, ಹುಳು ಕೊರೆದ ಅಣಬೆಯಲ್ಲಿ ವಿಷವಿಲ್ಲ. ಯಾವುದೂ ನಿಜವಲ್ಲ. ಒಂದೊಂದು ಪ್ರಾಣಿಯ ಹೊಟ್ಟೆ ಒಂದೊಂದು ಬಗೆ. ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಬಸವನಹುಳು ನೆಮ್ಮದಿಯಾಗಿ ಮೇಯುತ್ತದೆ. ಕೆಲವು ಮೊಲಗಳ ರಕ್ತದಲ್ಲಿ ಅಟ್ರೊಪಿನ್ ಎಂಬ ವಿಷವನ್ನು ಒಡೆದುಹಾಕುವ ಕಿಣ್ವವೇ ಇರುತ್ತದೆ, ನಮ್ಮಲ್ಲಿ ಇಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಆಡಿನ ಮಾತು, ಅದನ್ನು ನಮ್ಮ ಊಟಕ್ಕೆ ಅಳತೆಗೋಲು ಮಾಡಿಕೊಳ್ಳಬಾರದು.

ಮೇಲೆ ಹತ್ತುವಾಗ ಲಂಟಾನದ ಪೊದೆಗಳು. ಕಪ್ಪಗೆ ಹಣ್ಣಾದ ಗೊಂಚಲು ನೋಡಿ ಹುಡುಗ ಕೈ ಚಾಚಿದ. ಹಳ್ಳಿಯ ಮಕ್ಕಳು ಇದನ್ನು ತಿನ್ನುವುದುಂಟು, ಆದರೆ ಒಂದೇ ಗೊಂಚಲಿನಲ್ಲಿ ಹಸಿರು ಕಾಯಿಯೂ ಇರುತ್ತದೆ, ಹಸಿರು ಕಾಯಿ ಕೆಡುಕು. ಬೇರೆ ಹಣ್ಣು ಸಿಗುವಾಗ ಇದರ ಗೊಡವೆ ಬೇಡವೆಂದು ಅವನ ತಾಯಿ ತಡೆದಳು. ಅದೇ ಪೊದೆಯ ಮೇಲೆ ಗುಲಗಂಜಿಯ ಬಳ್ಳಿ ಹಬ್ಬಿತ್ತು. ಹೋದ ವರ್ಷದ ಕಾಯಿ ಒಣಗಿ ಬಾಯಿಬಿಟ್ಟು, ಒಳಗಿನ ಕೆಂಪು ಕಾಳು, ಅದರ ಕಪ್ಪು ಕಣ್ಣು ಎದ್ದು ಕಾಣುತ್ತಿದ್ದವು. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಾಳು ಇದು. ಸಿಪ್ಪೆ ಗಟ್ಟಿಯಾದ್ದರಿಂದ ಇಡಿಯಾಗಿ ನುಂಗಿದರೆ ಎಷ್ಟೋ ಸಲ ಹಾಗೆಯೇ ಹೊರಬೀಳುತ್ತದೆ, ಅಗಿದರೆ ಒಳಗಿನ ಅಬ್ರಿನ್ ಪ್ರಾಣ ತೆಗೆಯಬಲ್ಲದು. ಹುಡುಗ ಮುಟ್ಟಿ ನೋಡಿದ, ಬಳ್ಳಿಯಲ್ಲೇ ಬಿಟ್ಟ. ಮಕ್ಕಳಿಗೆ ತಿನ್ನಬಹುದಾದ ಹತ್ತು ಗಿಡ ಕಲಿಸುವ ಮೊದಲು ಕೊಲ್ಲುವ ಐದು ಗಿಡ ಕಲಿಸಬೇಕು ಎಂಬುದು ಗೆಳತಿಯ ಕ್ರಮ, ನನಗೂ ಅದೇ ಸರಿ ಎನಿಸುತ್ತದೆ. ಈ ಸೀಮೆಯಲ್ಲಿ ಆ ಪಟ್ಟಿಗೆ ಗುಲಗಂಜಿ, ಉಮ್ಮತ್ತಿ, ಹರಳು, ಕಣಗಿಲೆ ಬರುತ್ತವೆ. ಬೇಲಿಗೆ ನೆಡುವ ಕಾಡುಹರಳು ಬೇರೆ ಇದೆ. ಅದರ ಬೀಜಕ್ಕೆ ಕಡಲೆಕಾಯಿಯ ರುಚಿ ಇರುವುದರಿಂದಲೇ ಶಾಲೆ ಬಿಟ್ಟ ಮಕ್ಕಳು ಗುಂಪಾಗಿ ತಿಂದು, ಗುಂಪಾಗಿ ವಾಂತಿಭೇದಿಯಿಂದ ಆಸ್ಪತ್ರೆ ಸೇರುವುದು.

ಸಂಜೆಯ ಹೊತ್ತಿಗೆ ತೇರಹಳ್ಳಿ ತಲುಪಿದೆವು. ಕೆಳಗೆ ಪೇಟೆಯ ದೀಪ, ಮೇಲೆ ರಾಗಿ ಹೊಲ, ತಣ್ಣನೆಯ ಗಾಳಿ. ಗೆಳತಿಯ ಹಳೆಯ ವಿದ್ಯಾರ್ಥಿನಿಯ ಮನೆಯಲ್ಲಿ ಉಳಿದೆವು. ರಾತ್ರಿ ಗುಡುಗು ಸಹಿತ ಒಳ್ಳೆಯ ಮಳೆ.

ಶನಿವಾರ: ತೇರಹಳ್ಳಿ

ಗುಡುಗಿದ ಮಾರನೆಯ ಬೆಳಿಗ್ಗೆ ಹಳ್ಳಿಗಳಲ್ಲಿ ಎಲ್ಲರ ಕಣ್ಣೂ ನೆಲದ ಮೇಲೆ. ಆ ಮನೆಯ ಅತ್ತೆ ಕಾಫಿ ಕೊಟ್ಟವರೇ, "ಹುತ್ತದ ಹತ್ತಿರ ಎದ್ದಿರುತ್ತದೆ, ಬಿಸಿಲು ಏರುವ ಮೊದಲು ಹೋಗಬೇಕು ಬನ್ನಿ" ಎಂದರು. ಕೈಯಲ್ಲಿ ಒಂದು ಕೋಲು, ಒಂದು ಬಿದಿರಿನ ಮಂಕರಿ. ಕೋಲು ಹಾವಿಗೆ. ಹುತ್ತದ ಸುತ್ತ ಮೊದಲು ನೆಲ ಬಡಿದು, ಒಂದು ಸುತ್ತು ಬಂದು, ಆಮೇಲೆಯೇ ಅವರು ಕುಳಿತದ್ದು.

ಅಣಬೆ ಹುತ್ತದ ಮೇಲಿರಲಿಲ್ಲ, ಅದರ ಪಕ್ಕದ ಸಮತಟ್ಟು ನೆಲದಲ್ಲಿ ಹತ್ತಾರು ಒಟ್ಟಿಗೆ ಎದ್ದಿದ್ದವು. ಟೋಪಿ ಮಾಸಲು ಬಿಳಿ, ನಡುವೆ ಗಟ್ಟಿಯಾದ ಚೂಪು ಮೊನೆ. ಆ ಮೊನೆಯಿಂದಲೇ ಅದು ಮಣ್ಣು ಸೀಳಿಕೊಂಡು ಮೇಲೆ ಬರುವುದು. ಅತ್ತೆ ಒಂದನ್ನೂ ಮುರಿಯಲಿಲ್ಲ. ಬೆರಳಿನಿಂದ ಮಣ್ಣು ಸಡಿಲಿಸುತ್ತಾ ಕೆಳಗೆ ಕೆಳಗೆ ಹೋದರು. ನೆಲದ ಮೇಲೆ ನಾಲ್ಕು ಬೆರಳು ಎತ್ತರವಿದ್ದ ಅಣಬೆಗೆ ಕೆಳಗೆ ಒಂದು ಗೇಣಿಗೂ ಮಿಕ್ಕಿದ ಬೇರು, ಹೋಗಹೋಗುತ್ತಾ ಸಣ್ಣಗಾಗಿ ಇಲಿಯ ಬಾಲದ ಹಾಗೆ ನೇತಾಡುತ್ತಿತ್ತು. "ಈ ಬಾಲ ಕಂಡರೆ ಮಾತ್ರ ನಮ್ಮ ಮನೆಗೆ ಬರುತ್ತದೆ. ಬಾಲ ಇಲ್ಲದ್ದು ಎಷ್ಟು ಚೆನ್ನಾಗಿದ್ದರೂ ಅಲ್ಲೇ ಇರಲಿ" ಎಂದರು.

ಆ ಬೇರು ಹೋಗಿ ಸೇರುವುದು ಗೆದ್ದಲಿನ ತೋಟವನ್ನು. ಗೆದ್ದಲುಗಳು ಒಣ ಎಲೆ ಕಡ್ಡಿ ತಂದು ನೆಲದೊಳಗೆ ಗೂಡು ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತವೆ, ಅದನ್ನೇ ತಿಂದು ಬದುಕುತ್ತವೆ. ವಿಜ್ಞಾನದಲ್ಲಿ ಇದಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರು. ಮಳೆಗಾಲದಲ್ಲಿ ಅದು ಮೇಲಕ್ಕೆ ಕಳಿಸುವ ಕೊಡೆಯೇ ಹುತ್ತದ ಅಣಬೆ. ಗೆದ್ದಲಿನ ನಂಟಿಲ್ಲದೆ ಇದು ಏಳುವುದಿಲ್ಲ, ಆದ್ದರಿಂದಲೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾರುವ ಅಣಬೆಗಳ ಸಾಲಿಗೆ ಇದು ಸೇರಲಿಲ್ಲ. ನಾಗರ ಪಂಚಮಿಯಲ್ಲಿ ಹಾಲೆರೆಯುವ ಹುತ್ತವಾದ್ದರಿಂದ ಅತ್ತೆ ಅದಕ್ಕೆ ಗುದ್ದಲಿ ತಾಗಿಸುವುದಿಲ್ಲ. ಎಲ್ಲವನ್ನೂ ಕೀಳುವುದೂ ಇಲ್ಲ, ಅರಳಿದ ಕೆಲವನ್ನು ಹಾಗೆಯೇ ಬಿಟ್ಟರು. ಹುತ್ತ ಉಳಿದರೆ ಅಣಬೆ ಉಳಿಯುತ್ತದೆ, ಇದಕ್ಕಿಂತ ಚೆನ್ನಾದ ಸಂರಕ್ಷಣೆಯನ್ನು ನಾನು ಕಂಡಿಲ್ಲ.

ನಾವು ಹಿಂತಿರುಗುವಷ್ಟರಲ್ಲಿ ಹುಡುಗ ಊರಿನ ಮಕ್ಕಳ ಜೊತೆ ಹೋಗಿ, ಹುಲ್ಲು ಬೆಳೆದ ಬಯಲಿನಿಂದ ಎರಡು ದೊಡ್ಡ ಬಿಳಿ ಅಣಬೆ ತಂದಿದ್ದ. ನೋಡಲು ಬಹಳ ಚೆಲುವಾಗಿದ್ದವು. ಅಂಗೈಗಿಂತ ಅಗಲವಾದ ಟೋಪಿ, ಅದರ ನಡುವೆ ಕಂದು ಚಕ್ಕೆಗಳು, ಕಾಂಡಕ್ಕೆ ಒಂದು ಬಳೆ. ಬಳೆಯನ್ನು ಮೇಲೆ ಕೆಳಗೆ ಸರಿಸಬಹುದಿತ್ತು. ಬುಡದಲ್ಲಿ ಬೇರಿನ ಬಾಲವಿರಲಿಲ್ಲ. ಅತ್ತೆ ದೂರದಿಂದಲೇ "ನಾಯಿಕೊಡೆ" ಎಂದರು. ಗೆಳತಿ ಎಸೆಯಲು ಬಿಡಲಿಲ್ಲ. ಬಿಳಿ ಮತ್ತು ಕಪ್ಪು ಕಾಗದವನ್ನು ಅಂಚಿಗೆ ಅಂಚು ಸೇರಿಸಿ, ಎರಡೂ ಬಗೆಯ ಅಣಬೆಯ ಟೋಪಿಯನ್ನು ಕಾಂಡ ಕತ್ತರಿಸಿ ಬೋರಲಾಗಿ ಬೇರೆ ಬೇರೆ ಇಟ್ಟು, ಮೇಲೆ ಒಂದೊಂದು ಬಟ್ಟಲು ಮುಚ್ಚಿದಳು. ರಾತ್ರಿ ಕಳೆಯುವುದರೊಳಗೆ ಟೋಪಿಯ ಕೆಳಗಿನ ಮಡಿಕೆಗಳಿಂದ ಬೀಜಕಣಗಳು ಉದುರಿ ಕಾಗದದ ಮೇಲೆ ಬಣ್ಣ ಮೂಡುತ್ತದೆ. ತಿಳಿ ಬಣ್ಣ ಕಪ್ಪು ಕಾಗದದ ಮೇಲೆ, ಗಾಢ ಬಣ್ಣ ಬಿಳಿಯ ಮೇಲೆ ಕಾಣುತ್ತದೆ.

ಮಧ್ಯಾಹ್ನ ಹುತ್ತದ ಅಣಬೆಯ ಸಾರು. ಆ ಮನೆಯವರು ಅದೇ ಹುತ್ತದಿಂದ ತಲೆಮಾರುಗಳಿಂದ ಕಿತ್ತು ತಿಂದವರು, ಪ್ರತಿಯೊಂದರ ಬೇರನ್ನೂ ನಾವು ಕಣ್ಣಾರೆ ನೋಡಿದ್ದೆವು. ಆದರೂ ಗೆಳತಿ ತನಗೂ ಮಗನಿಗೂ ಸ್ವಲ್ಪವೇ ಬಡಿಸಿಕೊಂಡಳು. ಮೊದಲ ಸಲ ತಿನ್ನುವವರಿಗೆ ಒಳ್ಳೆಯ ಅಣಬೆಯೂ ಒಗ್ಗದಿರಬಹುದು. ಒಂದು ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕೂ ಇಟ್ಟಳು, ಏನಾದರೂ ಆದರೆ ವೈದ್ಯರಿಗೆ ತೋರಿಸಲು.

ಅತ್ತೆಗೆ ಇದು ಅತಿ ಎನಿಸಿತು. "ಬೆಳ್ಳುಳ್ಳಿ ಹಾಕಿ ಬೇಯಿಸುವಾಗ ಕಪ್ಪಾಗದಿದ್ದರೆ ವಿಷವಿಲ್ಲ ಎನ್ನುತ್ತಾರಲ್ಲ ಅಮ್ಮ" ಎಂದು ಕೇಳಿದರು. ಗೆಳತಿಯ ಉತ್ತರವನ್ನು ನಾನು ಬರೆದುಕೊಂಡೆ, ಏಕೆಂದರೆ ಇದು ಜೀವದ ಪ್ರಶ್ನೆ. ಬೆಳ್ಳುಳ್ಳಿಯಾಗಲಿ, ಬೆಳ್ಳಿಯ ನಾಣ್ಯವಾಗಲಿ, ಅರಿಶಿನವಾಗಲಿ ಅಣಬೆಯ ವಿಷವನ್ನು ತೋರಿಸುವುದಿಲ್ಲ. ಅಮಾನಿಟಾ ಜಾತಿಯ ಕೆಲವು ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ. ತಿಂದ ಆರು ಗಂಟೆಯಾದರೂ ಏನೂ ಗೊತ್ತಾಗುವುದಿಲ್ಲ, ಕೆಲವೊಮ್ಮೆ ಇಡೀ ದಿನ. ಆಮೇಲೆ ವಾಂತಿಭೇದಿ. ಅದು ನಿಂತು, ಮನುಷ್ಯ ಎದ್ದು ಕುಳಿತು, ಎಲ್ಲ ವಾಸಿಯಾಯಿತು ಎಂದುಕೊಳ್ಳುವ ಹೊತ್ತಿಗೆ ಒಳಗೆ ಯಕೃತ್ತು ಸಾಯುತ್ತಿರುತ್ತದೆ. ತಿಂದ ಕೂಡಲೇ ವಾಂತಿಯಾಗುವುದಕ್ಕಿಂತ ತಡವಾಗಿ ಆಗುವುದೇ ಹೆಚ್ಚು ಅಪಾಯ. ಉಪ್ಪುನೀರು, ಮಜ್ಜಿಗೆ ಎಂದು ಮನೆಯಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ, ಉಳಿದ ಅಣಬೆಯನ್ನೂ ಕೈಯಲ್ಲಿ ಹಿಡಿದು ದೊಡ್ಡ ಆಸ್ಪತ್ರೆಗೆ ಓಡಬೇಕು. ಇನ್ನೊಂದು ಮಾತನ್ನೂ ಹೇಳಿದಳು. ಅಮಾನಿಟಾಗಳ ಬುಡದಲ್ಲಿ ಮಣ್ಣಿನೊಳಗೆ ಒಂದು ಚೀಲ ಅಥವಾ ಬಟ್ಟಲು ಇರುತ್ತದೆ. ಚಾಕುವಿನಿಂದ ನೆಲಮಟ್ಟಕ್ಕೆ ಕೊಯ್ದವನಿಗೆ ಆ ಗುರುತು ಕಾಣುವುದೇ ಇಲ್ಲ. ಅತ್ತೆ ಬೆರಳಿನಿಂದ ತೋಡಿ ಬುಡ ನೋಡುವುದು ಎಷ್ಟು ದೊಡ್ಡ ಎಚ್ಚರಿಕೆಯೆಂದು ಆಗ ಅವರಿಗೂ ಹೆಮ್ಮೆಯಾಯಿತು. ಬೆಳ್ಳುಳ್ಳಿಯ ಮಾತನ್ನು ಇನ್ನು ಯಾರಿಗೂ ಹೇಳುವುದಿಲ್ಲ ಎಂದರು.

ಭಾನುವಾರ: ಆವಣಿ

ಬೆಳಿಗ್ಗೆ ಬಟ್ಟಲು ಎತ್ತಿದಾಗ ಹುಡುಗ ಕೂಗಿಕೊಂಡ. ಹುತ್ತದ ಅಣಬೆಯ ಕೆಳಗೆ ನಸುಗುಲಾಬಿ ಪುಡಿ, ಗೆರೆ ಗೆರೆಯಾಗಿ. ಅವನು ತಂದ ಚೆಲುವಾದ ಬಿಳಿ ಅಣಬೆಯ ಕೆಳಗೆ ಬಿಳಿ ಕಾಗದದ ಮೇಲೆ ಹಸಿರು. ಮಾಸಲು ಹಸಿರು, ಅನುಮಾನಕ್ಕೆ ಎಡೆಯೇ ಇಲ್ಲ. ಕ್ಲೋರೊಫಿಲಮ್ ಮೊಲಿಬ್ಡೈಟಿಸ್ ಎಂಬ ಈ ಜಾತಿ ಮಳೆ ಬಿದ್ದ ಹುಲ್ಲುಹಾಸುಗಳಲ್ಲಿ, ಉದ್ಯಾನಗಳಲ್ಲಿ ಧಾರಾಳವಾಗಿ ಏಳುತ್ತದೆ. ತಿಂದ ಒಂದೆರಡು ಗಂಟೆಯಲ್ಲಿ ಹೊಟ್ಟೆ ಹಿಂಡಿ, ಬಿಡದೆ ವಾಂತಿ ಮಾಡಿಸುತ್ತದೆ. ಎಳೆಯದರಲ್ಲಿ ಮಡಿಕೆಗಳೂ ಬಿಳಿಯಾಗಿಯೇ ಇರುವುದರಿಂದ ಕಣ್ಣಿಗೆ ಸಿಕ್ಕಿಬೀಳುವುದಿಲ್ಲ. ಹಾಗೆಂದು ಗುಲಾಬಿ ಪುಡಿ ಬಂದದ್ದೆಲ್ಲ ಒಳ್ಳೆಯದೂ ಅಲ್ಲ, ಗುಲಾಬಿ ಪುಡಿಯ ವಿಷದ ಅಣಬೆಗಳೂ ಇವೆ. ಪುಡಿಯ ಬಣ್ಣ, ಚೂಪು ಮೊನೆ, ಬಳೆಯಿಲ್ಲದ ಕಾಂಡ, ಗೆದ್ದಲಿನ ಗೂಡಿಗೆ ಇಳಿಯುವ ಬೇರು, ಆ ಹುತ್ತವನ್ನು ಬಲ್ಲ ಒಬ್ಬರು: ಇಷ್ಟೂ ಕೂಡಿಬರಬೇಕು. ಒಂದು ತಪ್ಪಿದರೂ ಬೇಡ.

ಬಸ್ಸಿನಲ್ಲಿ ಕೋಲಾರಕ್ಕೆ ಇಳಿದು, ಮುಳಬಾಗಿಲಿಗೆ ಹೋಗಿ, ಆವಣಿ ಸೇರುವಾಗ ಹೊತ್ತು ಏರಿತ್ತು. ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮೂಹ ನೋಡಿ, ಸೀತೆಯ ಗುಡಿಯಿರುವ ಬೆಟ್ಟ ಹತ್ತಿದೆವು. ಲವಕುಶರು ಹುಟ್ಟಿದ್ದು ಇಲ್ಲೇ ಎಂದು ಜನ ನಂಬುವ ಬೆಟ್ಟ. ಬಂಡೆಗಳ ನಡುವೆ ಸೀತಾಫಲದ ಗಿಡಗಳು, ಕಾಯಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹಣ್ಣು ಎಷ್ಟು ಸಿಹಿಯೋ ಬೀಜ ಅಷ್ಟೇ ಕೆಟ್ಟದ್ದು. ಅದರ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಪಾಪೆಯ ಮೇಲಿನ ಪೊರೆ ಸುಟ್ಟುಹೋಗುತ್ತದೆ. ಹೇನಿಗೆಂದು ತಲೆಗೆ ಅರೆದು ಹಚ್ಚುವವರು ಇದನ್ನು ತಿಳಿದಿರಬೇಕು.

ಅಲ್ಲೇ ಪೊದೆಯೊಂದರ ಮೇಲೆ ಗೌರಿ ಹೂವು ಅರಳಿತ್ತು. ಕೆಂಪು ಹಳದಿ ಎಸಳುಗಳು ಮೇಲಕ್ಕೆ ಬಾಗಿ, ಪ್ರತಿ ಎಲೆಯ ತುದಿಯೂ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಂಡಿತ್ತು. ಎಲೆಯ ತುದಿಯೇ ಕುಡಿಯಾಗುವುದು ಇದರ ಗುರುತು. ಹೂವಿಲ್ಲದ ದಿನಗಳಲ್ಲಿ ನೆಲ ಅಗೆದವರಿಗೆ ಸಿಗುವ ಇದರ ಗಡ್ಡೆಯನ್ನು ಕಾಡುಗೆಣಸೆಂದು ಬೇಯಿಸಿ ತಿಂದರೆ ಕೊಲ್ಚಿಸಿನ್ ವಿಷ ಮೈಯೆಲ್ಲ ಆವರಿಸುತ್ತದೆ. ನನ್ನ ಅಭಿಪ್ರಾಯ ಖಂಡಿತವಾದದ್ದು: ಚಾರಣಕ್ಕೆ ಹೋದವರು ಗಡ್ಡೆ ಅಗೆಯಲೇಬಾರದು. ಅಗೆದರೆ ಗಿಡವೇ ಹೋಗುತ್ತದೆ, ಕಾಯ್ದಿಟ್ಟ ಅರಣ್ಯದಲ್ಲಿ ಅದು ಅಪರಾಧ, ತಿಂದರೆ ಪ್ರಾಣಕ್ಕೂ ಸಂಚಕಾರ.

ಬೆಟ್ಟದಿಂದ ಇಳಿಯುವ ದಾರಿಯ ಇಕ್ಕೆಲದಲ್ಲಿ ತಗಚೆ ಸೊಪ್ಪು ಎಳೆಯದಾಗಿ ಸಿಕ್ಕಿತು. ಗೆಳತಿ ಎರಡು ಕಡ್ಡಿ ಮುರಿದು ನನ್ನ ಅಂಗೈಯಲ್ಲಿಟ್ಟು, ಇವೆರಡರಲ್ಲಿ ಯಾವುದು ತಗಚೆ ಎಂದು ಕೇಳಿದಳು. ಒಂದರಲ್ಲಿ ಮೂರು ಜೊತೆ ಎಲೆಗಳು, ತುದಿ ದುಂಡಗೆ. ಇನ್ನೊಂದರಲ್ಲಿ ಐದು ಜೊತೆ, ತುದಿ ಚೂಪು. ದುಂಡನೆಯದು ನಮ್ಮ ಅಡುಗೆಯ ತಗಚೆ. ಚೂಪಿನದು ಸೆನ್ನಾ ಆಕ್ಸಿಡೆಂಟಾಲಿಸ್, ಅದೇ ಕುಲದ್ದು, ಅದೇ ಹಳದಿ ಹೂವು, ಅದೇ ಕೆಟ್ಟ ವಾಸನೆ. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಪುಟ್ಟ ಮಕ್ಕಳು ವರ್ಷ ವರ್ಷ ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. ಮಿದುಳಿನ ಸೋಂಕೆಂದು ಬಹಳ ಕಾಲ ತಿಳಿದಿದ್ದರು. ಕೊನೆಗೆ ಆಟವಾಡುತ್ತಾ ಅವರು ಬಾಯಿಗೆ ಹಾಕಿಕೊಂಡಿದ್ದ ಈ ಗಿಡದ ಕಾಳೇ ಕಾರಣವೆಂದು ವೈದ್ಯರು ಗುರುತಿಸಿದರು. ಯಕೃತ್ತು, ಸ್ನಾಯು, ಮಿದುಳು ಮೂರಕ್ಕೂ ಒಟ್ಟಿಗೆ ಪೆಟ್ಟು. ಎಲೆಯ ತುದಿ ದುಂಡೋ ಚೂಪೋ ಎಂಬ ಇಷ್ಟು ಸಣ್ಣ ವಿಷಯದ ಮೇಲೆ ಎಷ್ಟು ದೊಡ್ಡದು ನಿಂತಿದೆ!

ದೊಡ್ಡಮ್ಮನ ಮನೆ ಸೇರಿದಾಗ ಸಂಜೆ. ಅವರು ಪಡಸಾಲೆಯಲ್ಲಿ ಮೊರ ಹಿಡಿದು ಸೊಪ್ಪು ಬಿಡಿಸುತ್ತಾ ಕುಳಿತಿದ್ದರು. "ಬಾ ಮಗಳೇ, ಕೈಕಾಲು ತೊಳೆದುಕೊಂಡು ಒಂದು ಕೈ ಹಾಕು" ಎಂದರು. ಪಕ್ಕದ ಮನೆಯ ಹುಡುಗಿ ತಂದು ಸುರಿದ ಸೊಪ್ಪಿನ ರಾಶಿ ಅದು. ದೊಡ್ಡಮ್ಮ ಒಂದೊಂದು ಕಡ್ಡಿಯನ್ನೂ ಮೂರು ಸಲ ನೋಡುತ್ತಾರೆ. ಮೊದಲು ಎಲೆಯ ಮೇಲ್ಭಾಗ, ಆಮೇಲೆ ತಿರುವಿ ಹಿಂಭಾಗ, ಆಮೇಲೆ ಕಡ್ಡಿ ಚಿಟುಕನೆ ಮುರಿದು ಮೂಗಿಗೆ. ಕೊಮ್ಮೆಯ ಎಲೆಯ ಹಿಂಭಾಗ ಬೆಳ್ಳಗಿರಬೇಕು. ಗೋಣಿ ಸೊಪ್ಪಿನ ಕಡ್ಡಿ ಮುರಿದರೆ ನೀರು ಬರಬೇಕು. ಹಾಲು ಬಂದರೆ ಅದು ಗೋಣಿಯಲ್ಲ, ನೆಲಕ್ಕೆ ಹರಡುವ ಕಳ್ಳಿಯ ಜಾತಿಯ ಕಳೆ. ಹಾಲು ಬಂದದ್ದೆಲ್ಲ ವಿಷವೆಂದು ಇದರ ಅರ್ಥವಲ್ಲ, ಅತ್ತಿಯ ಕಾಯಲ್ಲೂ ಹಾಲಿದೆ. ಗ್ರಂಥದಿಂದ ಬಂದ ಗೆಳತಿಯ ಜ್ಞಾನವೂ ಮೊರದಿಂದ ಬಂದ ದೊಡ್ಡಮ್ಮನ ಜ್ಞಾನವೂ ಇಲ್ಲಿ ಒಂದೇ ಮಾತು ಆಡುತ್ತಿದ್ದವು.

ರಾಶಿಯ ನಡುವೆ ದೊಡ್ಡಮ್ಮನ ಕೈ ನಿಂತಿತು. ನಾಲ್ಕೈದು ಎಲೆಯ ಒಂದು ಸಸಿ. ನನ್ನ ಕಣ್ಣಿಗೆ ಅದು ಗಣಿಕೆಯೇ. "ಮೂಸಿ ನೋಡು" ಎಂದು ಎಲೆ ಉಜ್ಜಿ ಕೊಟ್ಟರು. ಹೊಟ್ಟೆ ತೊಳಸುವ ವಾಸನೆ. ಎಲೆಯ ಬುಡ ತೊಟ್ಟಿಗೆ ಸೇರುವಲ್ಲಿ ಒಂದು ಪಕ್ಕ ಮೇಲೆ, ಒಂದು ಪಕ್ಕ ಕೆಳಗೆ. ಉಮ್ಮತ್ತಿಯ ಸಸಿ. ಹೂವು ಬಿಟ್ಟ ಗಣಿಕೆಯನ್ನೂ ಹೂವು ಬಿಟ್ಟ ಉಮ್ಮತ್ತಿಯನ್ನೂ ಯಾರೂ ಒಂದೆನ್ನುವುದಿಲ್ಲ. ಗಣಿಕೆಯದು ಗೊಂಚಲಿನಲ್ಲಿ ತೂಗುವ ಚಿಕ್ಕ ಬಿಳಿ ಹೂವು, ಉಮ್ಮತ್ತಿಯದು ಉದ್ದನೆಯ ಕಹಳೆ. ಸಸಿಯಾಗಿರುವಾಗಲೇ ತೊಂದರೆ. ಉಮ್ಮತ್ತಿಯ ವಿಷ ಬೇಯಿಸಿದರೂ ಹೋಗುವುದಿಲ್ಲ. ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಎದೆ ಬಡಿದುಕೊಂಡು, ಮನುಷ್ಯ ಇಲ್ಲದ್ದನ್ನು ಕಂಡು ಬಡಬಡಿಸತೊಡಗುತ್ತಾನೆ. ದೊಡ್ಡಮ್ಮ ಆ ಹುಡುಗಿಯನ್ನು ಬೈಯಲಿಲ್ಲ. ಹತ್ತಿರ ಕೂರಿಸಿಕೊಂಡು ಸಸಿಯನ್ನು ಅವಳ ಕೈಗೆ ಕೊಟ್ಟು ಮೂಸಿಸಿ, ಗಣಿಕೆಯ ಎಲೆಯನ್ನೂ ಮೂಸಿಸಿ, ಮತ್ತೆ ಅದನ್ನು ಮೂಸಿಸಿದರು. ಗಣಿಕೆಯಲ್ಲೂ ಎಳೆಯ ಕುಡಿ ಮಾತ್ರ ಅಡುಗೆಗೆ, ಕಪ್ಪಗೆ ಹಣ್ಣಾದದ್ದು ಬಾಯಿಗೆ, ಹಸಿರು ಕಾಯಿ ಎಲ್ಲಿಗೂ ಇಲ್ಲ ಎಂದು ಹೇಳಿಕೊಟ್ಟರು.

ಊಟದ ಹೊತ್ತಿನಲ್ಲಿ ಒಂದು ಸಣ್ಣ ವಾದ ನಡೆಯಿತು. ಹೊಸಬರು ಒಂದು ಸಲಕ್ಕೆ ಒಂದೇ ಸೊಪ್ಪು, ಅದೂ ಸ್ವಲ್ಪ ತಿಂದು ನೋಡಬೇಕು, ಒಗ್ಗದಿದ್ದರೆ ಯಾವುದೆಂದು ತಿಳಿಯುತ್ತದೆ ಎಂಬುದು ಗೆಳತಿಯ ಮಾತು. ಒಂದೇ ಸೊಪ್ಪಿನಿಂದ ಮಸ್ಸೊಪ್ಪು ರುಚಿಯಾಗುವುದಿಲ್ಲ, ಅಣ್ಣೆಯ ಜೊತೆ ಪುಲ್ಲಂಪುರಚಿಯ ಹುಳಿ ಇರಬೇಕು, ಗಣಿಕೆಯ ಕಹಿ ಒಂದಿಷ್ಟು ಬೇಕು ಎಂಬುದು ದೊಡ್ಡಮ್ಮನದು. ನನಗೆ ಇಬ್ಬರ ಮಾತೂ ಸರಿ. ಬೆರಕೆ ಎನ್ನುವುದು ಒಂದೊಂದನ್ನೂ ಬೇರೆ ಬೇರೆಯಾಗಿ ಬಲ್ಲವರು ಮಾಡುವ ಅಡುಗೆ. ಮೂತ್ರಪಿಂಡದಲ್ಲಿ ಕಲ್ಲಿರುವವರಿಗೆ ಗೋಣಿ, ಪುಲ್ಲಂಪುರಚಿ ಹೆಚ್ಚು ಬೇಡ, ಅವುಗಳಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಜಾಸ್ತಿ. ಬೇಯಿಸಿ ನೀರು ಬಸಿದರೆ ಕಡಿಮೆಯಾಗುತ್ತದೆ, ಆದರೆ ನಾವು ಆ ನೀರಿನಿಂದಲೇ ಬಸ್ಸಾರು ಮಾಡುತ್ತೇವೆ. ದೊಡ್ಡಪ್ಪನಿಗೆ ಕಲ್ಲಿನ ತೊಂದರೆ ಇರುವುದರಿಂದ ದೊಡ್ಡಮ್ಮ ಆ ಎರಡನ್ನು ಅಂದು ಹಾಕಿರಲಿಲ್ಲ, ಹುಳಿಗೆ ಹುಣಸೆಹಣ್ಣು ಕಿವುಚಿದ್ದರು.

ಸೋಮವಾರ: ಹೊಲ ಮತ್ತು ಕೆರೆ

ಬೆಳಿಗ್ಗೆ ಅತ್ತಿಗೆಯ ಜೊತೆ ಹೊಲಕ್ಕೆ ಹೋದೆವು. ಊರಿನ ಸುತ್ತ ಈಗ ರಾಗಿಗಿಂತ ಟೊಮೆಟೊ ಹೆಚ್ಚು. ಕೋಲಾರದ ಮಾರುಕಟ್ಟೆ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು, ಜನರ ಬದುಕು ಅದರ ಮೇಲೆಯೇ ನಡೆದಿದೆ. ಆದರೆ ಟೊಮೆಟೊ ತೋಟದ ಬದುವಿನಲ್ಲಿ ಏಳುವ ಅಣ್ಣೆ ಎಷ್ಟೇ ಸೊಂಪಾಗಿದ್ದರೂ ಅದಕ್ಕೆ ಬೆಳೆಗೆ ಹೊಡೆದ ಔಷಧಿಯೆಲ್ಲ ತಗುಲಿರುತ್ತದೆ. ಟೊಮೆಟೊ ಹಣ್ಣಿಗೆ ಔಷಧಿ ಹೊಡೆದು ಇಷ್ಟು ದಿನ ಬಿಟ್ಟು ಕೀಳಬೇಕೆಂಬ ಲೆಕ್ಕವಾದರೂ ಇದೆ, ಬದುವಿನ ಸೊಪ್ಪಿಗೆ ಯಾವ ಲೆಕ್ಕವೂ ಇಲ್ಲ. ಕಳೆನಾಶಕ ಹೊಡೆದ ಹೊಲದಲ್ಲಿ ಇನ್ನೂ ಕಷ್ಟ, ಹೊಡೆದ ಮೊದಲ ಒಂದೆರಡು ದಿನ ಎಲೆ ಹಸಿರಾಗಿಯೇ ಇರುತ್ತದೆ. ದಾರಿಹೋಕನಿಗೆ ಅದು ತಿಳಿಯುವ ಬಗೆಯೇ ಇಲ್ಲ. ಹೊಲದ ಒಡೆಯರನ್ನು ಕೇಳದೆ ಒಂದು ಎಲೆಯನ್ನೂ ಕೀಳಬಾರದು ಎನ್ನುವುದು ಬರಿಯ ಮರ್ಯಾದೆಯ ಮಾತಲ್ಲ, ಹೊಟ್ಟೆಯ ಕ್ಷೇಮದ ಮಾತೂ ಹೌದು.

ಅತ್ತಿಗೆ ರಾಗಿಯ ನಡುನಡುವೆ ಬೇರೆ ಬೆಳೆಯ ಅಕ್ಕಡಿ ಸಾಲು ಇನ್ನೂ ಬಿಡುತ್ತಾರೆ. ಅವರೆ, ತೊಗರಿ, ಹುಚ್ಚೆಳ್ಳು. ಆ ಹೊಲಕ್ಕೆ ಕಳೆನಾಶಕ ಇಳಿಸುವುದಿಲ್ಲ, ಕುಂಟೆ ಹೊಡೆದು, ಉಳಿದದ್ದನ್ನು ಕೈಯಿಂದ ಕೀಳುತ್ತಾರೆ. ಬದುವಿನ ಉದ್ದಕ್ಕೆ ಅಣ್ಣೆಯ ಕೆಲವು ಗಿಡಗಳನ್ನು ಕೀಳದೆ ತೆನೆ ಬಿಡಲು ಬಿಟ್ಟಿದ್ದರು. ಹೂವು ಬಂದ ಮೇಲೆ ಸೊಪ್ಪು ಬಲಿಯುತ್ತದೆ, ತಿನ್ನಲು ಬಾರದು, ಬೀಜಕ್ಕೆ ಬೇಕು. "ನಾಲ್ಕು ವರ್ಷದ ಹಿಂದೆ ಬದುವಿನಲ್ಲಿ ಒಂದು ಗಿಡವೂ ಇರಲಿಲ್ಲ, ನಾನೇ ಬೀಜ ಚೆಲ್ಲಿದೆ" ಎಂದರು. ಸುತ್ತಲಿನ ಮೂರು ಮನೆಯವರು ಈಗ ಸೊಪ್ಪಿಗೆ ಇದೇ ಬದುವಿಗೆ ಬರುತ್ತಾರಂತೆ.

ಬೆಂಗಳೂರಿಗೆ ಮರಳುವ ದಾರಿಯಲ್ಲಿ ನರಸಾಪುರದ ಕಡೆ ಒಂದು ಕೆರೆಯ ಏರಿಯ ಮೇಲೆ ಇಳಿದೆವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಈ ಭಾಗದ ಕೆರೆಗಳಿಗೆ ಹರಿಸುತ್ತಿದ್ದಾರೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಬತ್ತಿದ ಜಿಲ್ಲೆಗೆ ನೀರು ಬಂದಿದೆ, ಕೊಳವೆಬಾವಿಗಳಲ್ಲಿ ನೀರು ಏರಿದೆ ಎಂದು ಸಂತೋಷಪಡುವ ರೈತರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣವೂ ಆಗಲೇಬೇಕೆಂದು ಹೋರಾಡುವವರೂ ಇದ್ದಾರೆ, ನಾನು ಅವರ ಪಕ್ಷ. ಏಕೆಂದರೆ ಕೆರೆಯಂಚಿನ ಹೊನಗೊನೆ ನೀರಿನಲ್ಲಿರುವ ಲೋಹಗಳನ್ನು ಹೀರಿ ತನ್ನ ಎಲೆಯಲ್ಲಿ ಕೂಡಿಡುವ ಗಿಡ. ಕೆ.ಜಿ.ಎಫ್‌ನ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬಗಳ ಆಸುಪಾಸಿನ ಸೊಪ್ಪಿನ ಬಗ್ಗೆಯೂ ನನಗೆ ಇದೇ ಭಯ. ಗಣಿ 2001ರಲ್ಲಿ ಮುಚ್ಚಿದರೂ ದಿಬ್ಬಗಳು ಅಲ್ಲೇ ಇವೆ.

ಏರಿಯ ಕೆಳಗೆ ಒಬ್ಬ ಹೆಂಗಸು ಕುಡುಗೋಲಿನಿಂದ ಸೊಪ್ಪು ಕೊಯ್ದು ಕಂತೆ ಕಟ್ಟುತ್ತಿದ್ದರು. ಗೆಳತಿ ಒಂದು ಕಡ್ಡಿ ಕೇಳಿ ಪಡೆದು ಅಡ್ಡ ಸೀಳಿದಳು. ಒಳಗೆ ಟೊಳ್ಳು. ಬಿಳಿ ಹೂವಿನ ಗುಂಡು ಉದ್ದನೆಯ ತೊಟ್ಟಿನ ಮೇಲೆ ಎದ್ದು ನಿಂತಿತ್ತು. ನಮ್ಮ ಹೊನಗೊನೆಯಲ್ಲಿ ಹೂವಿಗೆ ತೊಟ್ಟೇ ಇರುವುದಿಲ್ಲ, ಎಲೆಯ ಕಂಕುಳಲ್ಲೇ ಅಂಟಿಕೊಂಡಿರುತ್ತದೆ. ಇದು ದಕ್ಷಿಣ ಅಮೆರಿಕದಿಂದ ಬಂದು ಕೊಳಚೆ ನೀರಿನಲ್ಲಿ ಕೊಬ್ಬುವ ಅದರ ದಾಯಾದಿ.

"ಇದು ಮನೆಗೋ ಸಂತೆಗೋ ಅಕ್ಕ?" ಎಂದು ಗೆಳತಿ ಕೇಳಿದಳು.

"ಹಸುವಿಗಮ್ಮ. ಅಷ್ಟಿಷ್ಟು ಎಳೆಯದು ಸಿಕ್ಕರೆ ಮನೆಗೂ ಹಾಕುತ್ತೇವೆ. ಏಕೆ, ಹಾಕಬಾರದೇ?"

ಗೆಳತಿ ಆ ಏರಿಯ ಮೇಲೆಯೇ ಕುಳಿತು, ಎರಡು ಗಿಡಗಳ ವ್ಯತ್ಯಾಸವನ್ನೂ ನೀರಿನ ವಿಷಯವನ್ನೂ ವಿವರಿಸಿದಳು. ಪರೀಕ್ಷೆಯಾಗುವವರೆಗೆ ಈ ಕೆರೆಯದು ಮನುಷ್ಯರಿಗೆ ಬೇಡ ಎಂದಳು. ಬೇರು ಸಹಿತ ಎರಡು ಕಂತೆ ಸೊಪ್ಪು, ಒಂದು ಬಾಟಲಿ ಕೆರೆಯ ನೀರು ತೆಗೆದುಕೊಂಡಳು. ಅವಳ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರ ಮೂಲಕ ಸೀಸ, ಕ್ಯಾಡ್ಮಿಯಂ ಪರೀಕ್ಷೆ ಮಾಡಿಸಬೇಕೆಂದಿದ್ದಾಳೆ. ಆ ಹೆಂಗಸು ಊರಿನ ಹೆಸರು, ಮನೆಯ ಗುರುತು ಹೇಳಿ, "ದಸರೆಯೊಳಗೆ ಬಂದು ಹೇಳಿ, ನಮ್ಮ ಸಂಘದ ಹೆಂಗಸರನ್ನೆಲ್ಲ ಸೇರಿಸುತ್ತೇನೆ" ಎಂದರು. ಮಹಾನವಮಿಗೆ ಮುಂಚಿನ ಭಾನುವಾರ ಅಲ್ಲಿಗೆ ಹೋಗುವುದೆಂದು ಗೊತ್ತಾಗಿದೆ. ದೊಡ್ಡಮ್ಮನೂ ತಮ್ಮ ಮೊರ ತೆಗೆದುಕೊಂಡು ಬರುತ್ತೇನೆಂದಿದ್ದಾರೆ.